ಐವತ್ತೆಂಟರ ಲೆನ್ಸು

ಐವತ್ತೆಂಟು. ಉಜಾವಾ ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಕ್ಯಾಮೆರಾದ ಪರದೆಯ ಮೇಲೆ ಐವತ್ತೆಂಟೇ ಇತ್ತು.

ಅವನ ಹತ್ತಿರ ಇದ್ದದ್ದು ಎರಡೇ ಲೆನ್ಸು. ಒಂದು ಮೂವತ್ತೈದು ಮಿಲಿಮೀಟರಿನದು, ಇನ್ನೊಂದು ಐವತ್ತರದು. ಎರಡೂ ವಯಸ್ಸಿನಲ್ಲಿ ಅವನಿಗಿಂತ ಹಿರಿಯವು. ಅವಕ್ಕೂ ಈ ಹೊಸ ಡಿಜಿಟಲ್ ಕ್ಯಾಮೆರಾಕ್ಕೂ ಯಾವ ನಂಟೂ ಇಲ್ಲ. ನಡುವೆ ಅಡಾಪ್ಟರ್ ಎಂಬ ಲೋಹದ ಬಳೆಯೊಂದನ್ನು ಕೂರಿಸಿ ಹೇಗೋ ಗಂಟು ಹಾಕಬೇಕು. ಹೊಸ ಲೆನ್ಸಾದರೆ ತಾನು ಯಾರೆಂದು ತಾನೇ ಕ್ಯಾಮೆರಾಕ್ಕೆ ಹೇಳಿಕೊಳ್ಳುತ್ತದೆ. ಹಳೆಯದು ಮೂಗ. ಎಷ್ಟರ ಲೆನ್ಸೆಂದು ಯಜಮಾನನೇ ಗುಂಡಿಯೊತ್ತಿ ತಿಳಿಸದಿದ್ದರೆ ಕ್ಯಾಮೆರಾ ಕೈನಡುಕವನ್ನು ಸರಿಯಾಗಿ ಸಂಭಾಳಿಸುವುದಿಲ್ಲ. ಹೇಳಿದ್ದನ್ನು ಮಾತ್ರ ಕಣ್ಣುಮುಚ್ಚಿ ನಂಬುತ್ತದೆ. ಮತ್ತೆ ಯಾರಾದರೂ ಬೇರೆ ಹೇಳುವವರೆಗೂ ಅದನ್ನೇ ನೆನಪಿಟ್ಟುಕೊಂಡಿರುತ್ತದೆ.

ಅಂದರೆ ಯಾರೋ ಬೇರೆ ಹೇಳಿದ್ದಾರೆ.

ಅಡುಗೆಮನೆಯಲ್ಲಿ ಮಿನೆಕೊ ಮೀನು ಸುಡುತ್ತಿದ್ದಳು. ಬೆನ್ನು ಈ ಕಡೆಗಿತ್ತು. ಮದುವೆಯಾದಾಗಿನಿಂದ ತಾನು ಹೆಚ್ಚಾಗಿ ನೋಡಿರುವುದು ಹೆಂಡತಿಯ ಬೆನ್ನನ್ನೇ ಎಂದು ಅವನಿಗೆ ಅನ್ನಿಸಿತು.

"ನನ್ನ ಕ್ಯಾಮೆರಾ ಮುಟ್ಟಿದ್ಯಾ?"

"ಧೂಳು ಒರೆಸ್ದೆ."

"ಯಾವಾಗ?"

"ಧೂಳು ಕೂತಾಗ."

"ಇದನ್ನ ಮನೇಲಿ ಬಿಟ್ಟು ನಾನು ಕ್ಯೋಟೊಗೆ ಹೋಗಿದ್ದಾಗ ಯಾರಾದ್ರೂ ಬಂದಿದ್ರಾ?"

ಮಿನೆಕೊ ಮೀನು ಮಗುಚಿದಳು. "ಗ್ಯಾಸಿನವನು ಬಂದಿದ್ದ." ಆಮೇಲೆ ತಿರುಗಿ ಅವನನ್ನು ನೋಡಿದಳು. ಮುಖದಲ್ಲಿ ಏನೋ ಮಿಂಚಿ ಹೋಯಿತು. ಭಯವೆಂದು ಅವನು ತೀರ್ಮಾನಿಸಿದ. "ಯಾಕೆ ಕೇಳ್ತಿದೀರಿ?"

"ಸುಮ್ನೆ."

ಅವನು ವಿಶ್ವವಿದ್ಯಾಲಯದಲ್ಲಿ ಜರ್ಮನ್ ಕಲಿಸುತ್ತಿದ್ದ. ವರ್ಷವರ್ಷಕ್ಕೂ ವಿದ್ಯಾರ್ಥಿಗಳು ಕಡಿಮೆಯಾಗುತ್ತಿದ್ದರು. ವಾಕ್ಯ ಮುಗಿಯುವವರೆಗೆ ಅರ್ಥ ಕಟ್ಟಬೇಡಿ ಎಂದು ಇರುವ ನಾಲ್ಕು ಜನಕ್ಕೆ ಬುದ್ಧಿ ಹೇಳುತ್ತಿದ್ದವನು ಮೀನಿನ ಮುಳ್ಳು ಬಿಡಿಸುವಷ್ಟರಲ್ಲಿ ಒಂದು ಅಂಕಿಯಿಂದ ಇಡೀ ಕತೆ ಕಟ್ಟಿಬಿಟ್ಟಿದ್ದ.

ಐವತ್ತೆಂಟರ ಲೆನ್ಸು ಇದ್ದದ್ದು ತೊಗಾಶಿಯ ಬಳಿ. ತೊಗಾಶಿ ದಂತವೈದ್ಯ, ಭಾನುವಾರಗಳಂದು ಹಳೆ ಲೆನ್ಸು ಹಿಡಿದು ಸೇರುವ ಅವರ ಬಳಗದವನು. ಅವನದು ರಷ್ಯಾದ ಮಾಲು. ನಡುವಿನಲ್ಲಿರುವ ಮುಖ ಮಾತ್ರ ನಿಂತು, ಹಿಂದಿನ ಗಿಡಮರವೆಲ್ಲ ಸುಳಿಸುಳಿಯಾಗಿ ಸುತ್ತುವಂತೆ ತೋರಿಸುವ ಲೆನ್ಸು. ಬಳಗದ ಹೊಸ ವರ್ಷದ ಊಟದಲ್ಲಿ ಅವನು ಮಿನೆಕೊಳನ್ನು ನೋಡಿ, "ನಿಮ್ಮ ಮನೆಯವ್ರ ಮುಖಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ ಮೇಷ್ಟ್ರೇ" ಎಂದಿದ್ದ. ಎಲ್ಲರೂ ನಕ್ಕಿದ್ದರು. ಮಿನೆಕೊ ಕೂಡ ನಕ್ಕಿದ್ದಳೆಂಬುದು ಉಜಾವಾನಿಗೆ ಈಗ ನೆನಪಾಯಿತು.

ಮಧ್ಯಾಹ್ನ ಯಾನಾಕಾ ಬಡಾವಣೆಯ ಓಣಿಯಲ್ಲಿ ಬಳಗವೆಲ್ಲ ಒಂದು ತುಕ್ಕು ಹಿಡಿದ ಅಂಚೆಡಬ್ಬಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿತ್ತು. ಹಳೆ ಲೆನ್ಸಿನವರಿಗೆ ತುಕ್ಕು ಕಂಡರೆ ಎಲ್ಲಿಲ್ಲದ ಪ್ರೀತಿ. ಉಜಾವಾನೂ ಕೂತ. ಡಬ್ಬಿಯ ಕಡೆಗೆ ಲೆನ್ಸು ಹಿಡಿದು ತೊಗಾಶಿಯನ್ನು ನೋಡುತ್ತಿದ್ದ. ತೊಗಾಶಿ ಹೊಸ ಶರ್ಟು ತೊಟ್ಟಿದ್ದ. ಯಾಕೆ ಹೊಸ ಶರ್ಟು?

ಆಮೇಲೆ ಎಂದಿನ ಕಾಫಿ ಅಂಗಡಿ, ಎಂದಿನ ಮೊಟ್ಟೆ ಸ್ಯಾಂಡ್‌ವಿಚ್ಚು. ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ ಎಲ್ಲರೂ ತಮ್ಮ ಲೆನ್ಸು ಬಿಚ್ಚಿಟ್ಟರು. ಬಳಗದ ರೂಢಿ ಅದು: ಯಾರ ಲೆನ್ಸನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಏನು ತೆಗೆದಿರಿ ಎಂದು ಕೇಳಬಾರದು. ಮರಳಿಸುವಾಗ ಬೆರಳಚ್ಚು ಒರೆಸಿದರಾಯಿತು. ಇಷ್ಟು ದಿನ ಇದು ಸಭ್ಯತೆಯೆಂದೇ ಉಜಾವಾ ತಿಳಿದಿದ್ದ. ಇವತ್ತು ಹೇಸಿಗೆಯಾಯಿತು.

"ಏನ್ ಮೇಷ್ಟ್ರೇ, ಆಗಿಂದ ನನ್ನ ಬಾಯನ್ನೇ ನೋಡ್ತಿದೀರಿ," ಎಂದ ತೊಗಾಶಿ. "ಬಾಯಿ ನೋಡೋದು ನನ್ನ ಕೆಲಸ."

ಎಲ್ಲರೂ ನಕ್ಕರು.

"ನಿಮ್ಮ ಐವತ್ತೆಂಟು ಕೊಡ್ತೀರಾ ಸ್ವಲ್ಪ?"

"ತಗೊಳ್ಳಿ. ಕೇಳೋದೇನು ಅದರಲ್ಲಿ."

"ನನ್ನ ಕ್ಯಾಮೆರಾಕ್ಕೆ ಕೂರುತ್ತಾ?"

"ಕೂರ್ದೆ ಏನು? ಕೂತಿದ್ದು ಮರ್ತೇ ಹೋಯ್ತಾ?"

"ಯಾವಾಗ ಕೂತಿತ್ತು?"

"ಅಯ್ಯೋ, ಹೋದ ಸಲ ಸ್ಮಶಾನದಲ್ಲಿ ನೀವೇ ಹಾಕ್ಕೊಂಡು ಆ ಬೆಕ್ಕಿನ ಬೆನ್ನು ಹತ್ತಿದ್ರಲ್ಲ! ವಾಪಸ್ ಕೊಡೋಕೇ ಮನಸ್ಸಿರ್ಲಿಲ್ಲ ನಿಮ್ಗೆ." ತೊಗಾಶಿ ತುಟಿಗಂಟಿದ ಮೊಟ್ಟೆ ಒರೆಸಿಕೊಂಡ. "ಮನೆಯವ್ರು ಹೇಗಿದಾರೆ?"

"ಯಾಕೆ?"

"ಯಾಕೆ ಅಂದ್ರೆ? ಕೇಳ್ಬಾರ್ದಾ?"

ಉಜಾವಾ ಕ್ಯಾಮೆರಾ ಎತ್ತಿಕೊಂಡು ಶೌಚಾಲಯಕ್ಕೆ ಹೋದ. ಚಿಲಕ ಹಾಕಿ ಹಳೆಯ ಚಿತ್ರಗಳನ್ನು ಹಿಂದೆ ಹಿಂದೆ ಸರಿಸಿದ. ಗೋರಿಕಲ್ಲಿನ ಮೇಲೆ ಬೆಕ್ಕು ಕೂತಿತ್ತು. ಅದರ ಹಿಂದೆ ಮರಗಳೆಲ್ಲ ಸುಳಿಸುಳಿಯಾಗಿ ಸುತ್ತುತ್ತಿದ್ದವು. ಸಂಶಯವೇ ಇಲ್ಲ, ಕ್ಯಾಮೆರಾಕ್ಕೆ ಐವತ್ತೆಂಟು ಎಂದು ಹೇಳಿದವನು ತಾನೇ.

ನಿರಾಳವಾಗಬೇಕಿತ್ತು. ಆಗಲಿಲ್ಲ. ಯಾರೋ ಕಿಸೆಗೆ ಕೈ ಹಾಕಿ ಏನನ್ನೋ ಎತ್ತಿಕೊಂಡು ಹೋದಂತಾಯಿತು. ಬೆಳಗಿನಿಂದ ಅವನು ಮಿನೆಕೊಳ ಬಗ್ಗೆಯೇ ಯೋಚಿಸುತ್ತಿದ್ದ. ಅವಳ ಕೈ, ಅವಳ ದನಿ, ತಾನಿಲ್ಲದ ಹೊತ್ತಿನಲ್ಲಿ ಅವಳು ಯಾವ ಕಿಟಕಿಯ ಹತ್ತಿರ ಕೂರುತ್ತಾಳೆ ಎಂಬುದು. ಹಾಗೆ ಯೋಚಿಸಿ ವರ್ಷಗಳಾಗಿದ್ದವು. ಒಂದು ಬೆಕ್ಕು ಅದನ್ನೆಲ್ಲ ಹಾಳು ಮಾಡಿತು.

ಕೈ ತೊಳೆಯುವಾಗ ಹೊಳೆಯಿತು. ಬೆಕ್ಕಿನ ಚಿತ್ರ ತೆಗೆದಾದ ಮೇಲೆ ತನ್ನ ಮೂವತ್ತೈದನ್ನು ಮತ್ತೆ ಹಾಕಿದ್ದನಲ್ಲ, ಆಗ ಅಂಕಿ ಬದಲಾಯಿಸದೆ ಇರುತ್ತಾನೆಯೇ? ಅವನು ಎಚ್ಚರದ ಮನುಷ್ಯ. ಬದಲಾಯಿಸಿರಲೇಬೇಕು. ಹಾಗಾದರೆ ಆಮೇಲೆ ಮತ್ತೆ ಐವತ್ತೆಂಟೆಂದು ಹೇಳಿದವರು ಬೇರೆ ಯಾರೋ. ಹಾಗೆಂದುಕೊಂಡದ್ದೇ ಮೈಯಲ್ಲಿ ಜೀವ ಬಂದಂತಾಯಿತು.

ಸಂಜೆ ಊಟದ ಮೇಜಿನ ದೀಪದಡಿ ಕೂತು ಉಜಾವಾ ಲೆನ್ಸು ಬಿಚ್ಚಿದ. ಧೂಳು ಊದಿದ. ಒರೆಸಿ, ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟ. ಮಿನೆಕೊ ಚಹಾ ತಂದಿಟ್ಟಳು. ಒಳಗೆ ಹೋಗಲಿಲ್ಲ.

"ಬೆಳಿಗ್ಗೆ ನೀವು ಕೇಳಿದ್ರಲ್ಲ," ಎಂದಳು.

"ಏನು ಕೇಳ್ದೆ?"

"ಯಾರಾದ್ರೂ ಬಂದಿದ್ರಾ ಅಂತ. ಖುಷಿ ಆಯ್ತು ರೀ ನಂಗೆ."

"ಖುಷಿನಾ?"

"ನನ್ನ ವಿಷಯ ನೀವು ಏನಾದ್ರೂ ಕೇಳಿ ಎಷ್ಟು ಕಾಲ ಆಗಿತ್ತು."

ತಪ್ಪು ಮಾಡಿದವಳೂ ಹೀಗೇ ಹೇಳಬಹುದು, ಮಾಡದವಳೂ ಹೀಗೇ ಹೇಳಬಹುದು ಎಂದು ಉಜಾವಾ ಲೆಕ್ಕ ಹಾಕಿದ. "ಹಾಗಾದ್ರೆ ಬಂದಿದ್ರಾ?"

ಮಿನೆಕೊ ಅವನನ್ನೇ ನೋಡಿದಳು. "ಬಂದಿದ್ರು ಅಂದ್ರೆ ಏನ್ ಮಾಡ್ತೀರಿ?"

ಏನು ಮಾಡುತ್ತೇನೆಂದು ಅವನು ತನ್ನೊಳಗೆ ಹುಡುಕಿದ. ಸಿಟ್ಟು ಇರಬೇಕಿತ್ತು, ಅಥವಾ ಅಳು. ಎರಡೂ ಸಿಗಲಿಲ್ಲ. ಆಗ ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು.

"ತಮಾಷೆ ಮಾಡ್ಬೇಡ."

"ಸರಿ. ತಮಾಷೆ ಅಂತ್ಲೇ ಇಟ್ಕೊಳ್ಳಿ." ಅವಳು ಕುರ್ಚಿ ಎಳೆದು ಎದುರಿಗೆ ಕೂತಳು. "ನಂದೊಂದು ಫೋಟೊ ತೆಗೀರಿ."

"ಯಾಕೆ? ಯಾರಿಗೆ?"

"ನಿಮ್ಗೆ. ಅಷ್ಟೊಂದು ತುಕ್ಕು ತೆಗೀತೀರಲ್ಲ, ನಂದೂ ಒಂದು ಇರ್ಲಿ."

ಬೇರೆ ದಾರಿ ಕಾಣದೆ ಅವನು ಕ್ಯಾಮೆರಾ ಎತ್ತಿ ಕಣ್ಣಿಗಿಟ್ಟ. ಎಲ್ಲ ಮಸುಕು. ಹಳೆ ಲೆನ್ಸಿನಲ್ಲಿ ಮೊದಲು ಕಾಣುವುದು ಯಾವಾಗಲೂ ಮಸುಕೇ; ಎಡಗೈಯಿಂದ ಅದರ ಸುತ್ತಲಿನ ಉಂಗುರ ತಿರುಗಿಸುತ್ತ ಹೋದರೆ ಮುಖ ಮೆಲ್ಲಗೆ ಮೂಡುತ್ತದೆ. ಎಡಗೈ ಉಂಗುರಕ್ಕಾಗಿ ತಡಕಾಡಿತು. ಬೆರಳಿಗೆ ಗಾಳಿ ಸಿಕ್ಕಿತು. ಲೆನ್ಸು ಮೇಜಿನ ಮೇಲೆ, ಮಿನೆಕೊಳ ಮೊಣಕೈ ಪಕ್ಕದಲ್ಲಿ, ಬಟ್ಟೆಯೊಳಗೇ ಇತ್ತು.

ತಾಳು ಎಂದು ಹೇಳಬಹುದಿತ್ತು. ಆದರೆ ಅವಳು ಆಗಲೇ ಕೂದಲು ಸರಿಮಾಡಿಕೊಂಡು ನೆಟ್ಟಗೆ ಕೂತಿದ್ದಳು. ನಗುತ್ತಿರಲೂಬಹುದು. ಬರಿದಾದ ಕ್ಯಾಮೆರಾ ಅವಳಿಗೆ ಕಾಣುತ್ತಿಲ್ಲವೇ? ಕಂಡೂ ಸುಮ್ಮನಿದ್ದಾಳೆಯೇ? ಇದ್ದರೆ ಯಾಕೆ?

ಗುಂಡಿಯೊತ್ತಿದ. ಲೆನ್ಸಿಲ್ಲದೆ ಚಿತ್ರ ತೆಗೆಯಬಾರದೆಂಬುದು ಕಾರ್ಖಾನೆಯವರ ಕಟ್ಟಳೆ. ಆದರೆ ಮೂಗ ಲೆನ್ಸು ಕೂತಿದ್ದರೂ ಕ್ಯಾಮೆರಾ ಲೆನ್ಸೇ ಇಲ್ಲವೆಂದು ಹಟ ಹಿಡಿಯುವುದರಿಂದ, ಇರಲಿ ಬಿಡಲಿ ತಕರಾರು ಮಾಡಬೇಡವೆಂದು ಅದನ್ನು ಕೊಂಡ ದಿನವೇ ಪಳಗಿಸಿಟ್ಟಿದ್ದ. ಅದು ತಕರಾರು ಮಾಡಲಿಲ್ಲ. ಟಪ್ ಎಂದಿತು.

"ಬಂತಾ?"

"ಬಂತು."

"ಹೇಗಿದೀನಿ?"

ಪರದೆಯ ಈ ಅಂಚಿನಿಂದ ಆ ಅಂಚಿನವರೆಗೆ ದೀಪದ ತಿಳಿ ಹಳದಿ ತುಂಬಿತ್ತು. ಒಂದು ಗೆರೆಯಿಲ್ಲ, ಒಂದು ನೆರಳಿಲ್ಲ. ಎದುರಿಗೆ ಮಿನೆಕೊ ಉತ್ತರಕ್ಕಾಗಿ ಕಾಯುತ್ತಿದ್ದಳು. ಉಜಾವಾ ತಲೆಯೆತ್ತಲಿಲ್ಲ. ಅವಳ ಕಣ್ಣು ಸ್ಪಷ್ಟವಾಗಿ ಬಂದಿದೆಯೇ ಎಂದು ನೋಡಲು ಹಳದಿಯನ್ನು ದೊಡ್ಡದು ಮಾಡಿದ. ಮತ್ತೂ ದೊಡ್ಡದು ಮಾಡಿದ.