ಗುರುಸಿದ್ದಮ್ಮನಿಗೆ ದೊಡ್ಡ ಟರ್ಬೊ

ಗಾಳಿ ಬಂದಾಗ ತೂರಿಕೋ, ಬರದಿದ್ದರೆ ದೊಡ್ಡ ಟರ್ಬೊ ಹಾಕಿಸಿಕೋ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುವವರು ಕ್ಷಮಿಸಬೇಕು. ಇಲ್ಲಿ ಗಾದೆ ಸುಳ್ಳು, ಅದರ ಕೆಳಗೆ ಬರುವ ಕಥೆ ನಿಜ.

ಚನ್ನರಾಯಪಟ್ಟಣದ ಪರಮೇಶನ ಶೆಡ್ಡಿನ ಮುಂದೆ ಸ್ಕೂಟರಿನಿಂದ ಇಳಿದ ರಜನೀಶ, ಹೆಲ್ಮೆಟ್ಟಿನ ಪಟ್ಟಿಗೆ ಹೋದ ಕೈಯನ್ನು ಅಲ್ಲೇ ಮರೆತು ನಿಂತುಬಿಟ್ಟ. ಒಳಗೆ ಅವನ ಭಾವ ಚಂದ್ರಯ್ಯನ ಲಾರಿ, ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುವ ಮುದುಕಿಯ ಹಾಗೆ, ಕ್ಯಾಬಿನ್ನನ್ನು ಮುಂದಕ್ಕೆ ಬಗ್ಗಿಸಿಕೊಂಡು ನಿಂತಿತ್ತು. ಇಂಜಿನ್ನಿನ ಪಕ್ಕದಲ್ಲಿ, ಅದಕ್ಕೆ ಗಾಳಿ ಊದುವ, ಸುಲಿದ ತೆಂಗಿನಕಾಯಿಯ ಗಾತ್ರದ ಟರ್ಬೊ ಇರಬೇಕಾದ ಕಡೆ, ಬೂದುಗುಂಬಳದಂಥದ್ದೊಂದು ಕೂತಿತ್ತು. ಅದಕ್ಕೆ ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಸಿಕ್ಕಿಸಿದ್ದರು. ಚಂದ್ರಯ್ಯ ಕಣ್ಣು ಮುಚ್ಚಿಕೊಂಡು ಊದುಬತ್ತಿ ಬೆಳಗುತ್ತಿದ್ದ.

"ಬಾರ್ಲಾ ರಜನಿ, ಸರಿಯಾದ್ ಒತ್ಗೆ ಬಂದೆ" ಎಂದ ಚಂದ್ರಯ್ಯ, ಅವನ ಅಂಗೈಗೆ ಸಕ್ಕರೆ ಹಾಕಿದ. "ಅದ್ನಾರ್ ಚಕ್ರದ ಗಾಡೀದು. ಗುಜರೀಲಿ ಸಿಕ್ತು. ಪರಮೇಶ ಲೇತಲ್ಲಿ ಪ್ಲೇಟ್ ಕಡಿಸಿ ಕೂರಿಸವ್ನೆ. ಕಂಪನಿಯೋರೇ ಏಳಿದ್ದು ಕಣ್ಲಾ. ಪುಣೆಯಿಂದ."

ರಜನೀಶನ ಬಾಯಲ್ಲಿ ಸಕ್ಕರೆ ಕರಗಲಿಲ್ಲ. ಏಕೆಂದರೆ ಆ ಪುಣೆ ಅವನೇ.

ಅವನಿಗೆ ಹಾಸನದಲ್ಲಿ ಲಾರಿ ಬಿಡಿಭಾಗಗಳ ಅಂಗಡಿ. ಬಿ.ಎಸ್ಸಿ. ಓದಿದ್ದು ಭೌತಶಾಸ್ತ್ರವಾದರೂ ಪಾಸಾದದ್ದು ಅಣಕದಲ್ಲಿ ಎಂದು ಸ್ನೇಹಿತರು ಹೇಳುತ್ತಿದ್ದರು. ಮಂಡಿಯಲ್ಲಿ ಹರಾಜು ಕೂಗುವವನು, ಬಸ್ಸಿನ ಕಂಡಕ್ಟರು, ನೆಗಡಿಯಾದ ಪ್ರಾಂಶುಪಾಲರು, ಚಳಿಗೆ ಸ್ಟಾರ್ಟ್ ಆಗದ ಟ್ರ್ಯಾಕ್ಟರು, ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದರು. ಹೋದ ತಿಂಗಳು ಅಂಗಡಿಯ ಎದುರಿನ ಟೀ ಹೋಟೆಲಿನಲ್ಲಿ ಕೂತಿದ್ದಾಗ, ಪಕ್ಕದವನ ಫೋನು ಇಸಿದುಕೊಂಡು ಭಾವನಿಗೆ ಕರೆ ಮಾಡಿ, ಅವನು ಆ ಗಂಟಲಿಗೆ ಹೊಸ ಬಾಡಿಗೆದಾರನೊಬ್ಬನನ್ನು ಕರೆತಂದ. ಪುಣೆಯ ಜೋಗಳೇಕರ್, ಕಂಪನಿ ಇಂಜಿನಿಯರ್.

"ಚಂದ್ರಯ್ಯಜೀ, ನಿಮ್ಮ ಗಾಡಿ ಹೇಗಿದ್ದಾಳೆ?" ಎಂದು ಜೋಗಳೇಕರ್ ಕೇಳಿದ್ದ. ಬೆಳಿಗ್ಗೆ ಕೆಮ್ಮುತ್ತಾಳಾ, ಏರು ಬಂದರೆ ಏದುಸಿರು ಬಿಡುತ್ತಾಳಾ ಎಂದೆಲ್ಲ ವಿಚಾರಿಸಿದ್ದ. ಚಂದ್ರಯ್ಯ ಒಂದೊಂದಕ್ಕೂ ಮಗಳನ್ನು ಆಸ್ಪತ್ರೆಗೆ ತೋರಿಸಲು ತಂದವನಂತೆ ಉತ್ತರ ಕೊಟ್ಟ. ಕೊನೆಗೆ ಜೋಗಳೇಕರ್ ಔಷಧಿ ಬರೆದ. ಹದಿನಾರು ಚಕ್ರದ ಗಾಡಿಯ ಟರ್ಬೊ ತಂದು ಕೂರಿಸಿ. ಇಂಜಿನ್ನಿಗೆ ಡೀಸೆಲ್ ಕೊಡುವ ಪಂಪು ಇದ್ದದ್ದೇ ಇರಲಿ, ನಾಝಲ್ ಇದ್ದದ್ದೇ ಇರಲಿ, ಬೇರೇನೂ ಮುಟ್ಟಬೇಡಿ. ಘಾಟಿಯಲ್ಲಿ ಅವಳು ಹಕ್ಕಿ ಆಗ್ತಾಳೆ.

ಟೀ ಹೋಟೆಲಿನವರು ಬಾಯಿಗೆ ಟವೆಲು ತುರುಕಿಕೊಂಡು ನಕ್ಕರು. ಕುಲುಮೆಯಲ್ಲಿ ಇದ್ದಿಲು ಇರುವಷ್ಟೇ ಇಟ್ಟು ತಿದಿ ಮಾತ್ರ ಆನೆ ಗಾತ್ರದ್ದು ತಂದರೆ ಕಬ್ಬಿಣ ಕಾಯುವುದುಂಟೆ? ಅದೂ ಟರ್ಬೊ ಎಂಬ ತಿದಿಯನ್ನು ಒತ್ತುವುದು ಆ ಬೆಂಕಿಯ ಹೊಗೆಯೇ. ಹೊಗೆ ಸಾಲದಿದ್ದರೆ ದೊಡ್ಡ ತಿದಿ ಅಲುಗುವುದೇ ಇಲ್ಲ. ಇಷ್ಟು ವರ್ಷ ಸ್ಟೇರಿಂಗ್ ಹಿಡಿದ ಭಾವನಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ, ಸಂಜೆ ಬಂದು ಬೈಯುತ್ತಾನೆ, ಇನ್ನೊಂದು ಸುತ್ತು ನಗಬಹುದು ಎಂದುಕೊಂಡಿದ್ದ ರಜನೀಶ. ಸಂಜೆ ಚಂದ್ರಯ್ಯ ಲೋಡು ಹಾಕಿಕೊಂಡು ಮಂಗಳೂರಿಗೆ ಹೋಗಿದ್ದ. ಮಾರನೆಯ ದಿನ ರಜನೀಶ ನಾದಿನಿಯ ಮದುವೆಗೆಂದು ಹೊಳೆನರಸೀಪುರಕ್ಕೆ ಹೋದ. ಹೋಳಿಗೆಯ ಜೊತೆ ಜೋಗಳೇಕರನೂ ಹೊಟ್ಟೆ ಸೇರಿ ಮರೆತುಹೋದ.

ಈಗ ಶೆಡ್ಡಿನಲ್ಲಿ ಪರಮೇಶ ಕ್ಯಾಬಿನ್ ಇಳಿಸಿ ಲಾಕು ಹಾಕುತ್ತಿದ್ದ. ಪಂಪಿನ ವಿಷಯ ತನಗೂ ಒಂದು ಸಲ ತಲೆಗೆ ಬಂದಿತ್ತು, ಕಂಪನಿಯವರೇ ಹೇಳಿದ ಮೇಲೆ ತಾನು ಯಾವೂರ ದಾಸಯ್ಯ ಎಂದು ಸುಮ್ಮನಾದೆ ಎಂದ. ಹಿಂದಿನ ದಿನ ಖಾಲಿ ಗಾಡಿಯನ್ನು ಬೈಪಾಸಿನವರೆಗೆ ಓಡಿಸಿ ನೋಡಿದ್ದರಂತೆ. ವಿಮಾನ ಇಳಿದ ಹಾಗೆ ಶಿಳ್ಳೆ ಹೊಡೆಯಿತಂತೆ.

ಹೇಳಬೇಕೆಂದು ರಜನೀಶ ಎರಡು ಸಲ ಬಾಯಿ ತೆರೆದ. ಆದರೆ ಶೆಡ್ಡಿನ ತುಂಬ ಜನ. ಅವರ ನಡುವೆ ಮಂಡಿ ಶಾಂತರಾಜು ಬೇರೆ ನಿಂತಿದ್ದರು. ಅವರ ತೆಂಗಿನಕಾಯಿ ಮಂಗಳೂರಿಗೆ ಇಳಿಸಿ, ಅಲ್ಲಿಂದ ಗೊಬ್ಬರ ತುಂಬಿಕೊಂಡು ಘಾಟಿ ಹತ್ತಿ ಬರುವುದೇ ಚಂದ್ರಯ್ಯನ ಅನ್ನ. ಗೊಬ್ಬರ ಪ್ರತಿಸಲ ತಡವಾಗುತ್ತಿತ್ತು. ಈ ಸಲವೂ ತಡವಾದರೆ ಬಾಡಿಗೆ ಅರಕಲಗೂಡಿನವನ ಹೊಸ ಲಾರಿಗೆ ಎಂದು ಅವರು ಮುಖಕ್ಕೇ ಹೇಳಿಬಿಟ್ಟಿದ್ದರು. ಈಗ ಅವರೂ ಟರ್ಬೊ ಇದ್ದ ಕಡೆಗೆ ಕೈ ಮುಗಿದು, ಪುಣೆಯವರ ನಂಬರು ಇದ್ದರೆ ತಮ್ಮ ಕಾರಿನದ್ದೂ ಒಂದಿಷ್ಟು ಕೇಳಬೇಕಿತ್ತು ಎಂದರು.

"ನೀನು ಅಂಗಡಿ ಇಟ್ಟು ಇಷ್ಟ್ ವರ್ಸ ಆಯ್ತು. ಒಂದ್ ದಿನ ಇಂಗ್ ಮಾಡು ಭಾವ ಅಂದಿದ್ದೀಯಾ?" ಎಂದು ಚಂದ್ರಯ್ಯ ಎಲ್ಲರ ಎದುರಿಗೇ ಅವನ ಬೆನ್ನು ತಟ್ಟಿದ.

ದಾರಿಯಲ್ಲಿ ಹೇಳಿದರಾಯಿತು ಎಂದು ರಜನೀಶ ಸ್ಕೂಟರನ್ನು ಶೆಡ್ಡಿನಲ್ಲೇ ಬಿಟ್ಟು ಲಾರಿ ಹತ್ತಿದ. ಘಾಟಿಗೆ ಹೋಗುವ ಮುಂಚೆ ಹೇಳಲೇಬೇಕು. ಹಾಸನ ಬರುವುದರೊಳಗೆ ಹೇಳಬೇಕು.

ಕಾಯಿ ತುಂಬಿಕೊಂಡು ಚನ್ನರಾಯಪಟ್ಟಣ ಬಿಟ್ಟ ಲಾರಿ ಸಮದಾರಿಯಲ್ಲಿ ಚೆನ್ನಾಗಿಯೇ ಓಡಿತು. ಹಣೆಯ ಮೇಲೆ 'ಗುರುಸಿದ್ದಮ್ಮ' ಎಂದು ಬರೆದ ಲಾರಿ ಅದು. ಚಂದ್ರಯ್ಯನ ಅವ್ವನ ಹೆಸರು, ಅವ್ವ ತೀರಿಕೊಂಡ ವರ್ಷವೇ ಕೊಂಡದ್ದು. ವೇಗ ಹೆಚ್ಚಾದಾಗ ಟರ್ಬೊ ಒಂದು ಶಿಳ್ಳೆ ಹಾಕಿತು. ಚಂದ್ರಯ್ಯ ಮೈದುನನ ಕಡೆ ತಿರುಗಿ ಹುಬ್ಬು ಹಾರಿಸಿದ. ಆಮೇಲೆ ಜೋಗಳೇಕರ್ ಸಾಹೇಬರ ಗುಣಗಾನ ಶುರುವಾಯಿತು. ಅವರ ದನಿಯಲ್ಲಿದ್ದ ನಯ, ಕನ್ನಡ ಬಾರದಿದ್ದರೂ ಆಡಬೇಕೆಂಬ ಆಸೆ, ಅಷ್ಟು ದೊಡ್ಡ ಮನುಷ್ಯ ದುದ್ದದ ಚಂದ್ರಯ್ಯನಿಗೆ 'ಜೀ' ಅಂದದ್ದು. ಸಾಹೇಬರು ಈ ಕಡೆ ಬಂದರೆ ಮನೆಗೆ ಕರೆದು, ದಾಕ್ಷಾಯಣಿ ಕೈಲಿ ಶಾವಿಗೆ ಮಾಡಿಸಿ ಬಡಿಸಬೇಕೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರಂತೆ. ರಜನೀಶ ಕಿಟಕಿಯಿಂದಾಚೆ ನೋಡಿದ. ಅಕ್ಕ ದಾಕ್ಷಾಯಣಿ ಅವನಿಗೆ ಶಾವಿಗೆ ಮಾಡಿ ಎರಡು ವರ್ಷವಾಗಿತ್ತು.

ಶಾಂತಿಗ್ರಾಮದ ಹತ್ತಿರ ಏರು ಬಂತು. ದೊಡ್ಡದೇನಲ್ಲ, ಸೈಕಲಿನವರು ಇಳಿಯದೆ ತುಳಿಯುವಷ್ಟು. ಲಾರಿ ಅರ್ಧಕ್ಕೆ ಬಂದಾಗ ವೇಗ ಇಳಿಯಿತು. ಚಂದ್ರಯ್ಯ ಗೇರು ಇಳಿಸಿದ, ಕಾಲು ಒತ್ತಿದ. ಹಳೆಯ ಟರ್ಬೊ ಇದ್ದಾಗ ಇಲ್ಲಿ ಗುರುಸಿದ್ದಮ್ಮ ಗೊಣಗುತ್ತಲೇ ಹತ್ತುತ್ತಿದ್ದಳು. ಈಗ ಗೊಣಗಲೂ ಉಸಿರಿರಲಿಲ್ಲ. ಬೂದುಗುಂಬಳ ಅಲುಗಲೇ ಇಲ್ಲ. ಚಂದ್ರಯ್ಯ ಮತ್ತೆ ಗೇರು ಇಳಿಸಿ ಕಾಲನ್ನು ತಳಕ್ಕೆ ಒತ್ತಿದ. ಒಂದಿಷ್ಟು ಕಪ್ಪು ಹೊಗೆ ಬಂತು, ಅಷ್ಟೇ. ಇಂಜಿನ್ ಒಂದು ಸಲ ಬಿಕ್ಕಿ, ಆರಿಹೋಯಿತು.

ಆಮೇಲಿನ ಮೌನದಲ್ಲಿ ತೆಂಗಿನಕಾಯಿಗಳು ಒಂದಕ್ಕೊಂದು ತಾಗಿ ಲೊಡಗುಟ್ಟಿದ್ದು ಕೇಳಿಸಿತು. ಲಾರಿ ಹಿಂದಕ್ಕೆ ಜರುಗುತ್ತಿತ್ತು.

ಚಂದ್ರಯ್ಯ ಬ್ರೇಕಿನ ಮೇಲೆ ನಿಂತೇಬಿಟ್ಟ. ಹ್ಯಾಂಡ್‌ಬ್ರೇಕು ಎಳೆದ. ಲಾರಿ ತಡೆದು, ಮತ್ತೆ ಜಾರಿತು. "ಮರ ಕೊಡು" ಎಂದ, ಮೆಲ್ಲಗೆ, ಯಾರನ್ನೋ ಎಬ್ಬಿಸಬಾರದು ಎನ್ನುವಂತೆ. ರಜನೀಶ ಸೀಟಿನ ಕೆಳಗಿನ ಮರದ ತುಂಡು ಎಳೆದುಕೊಂಡು ಹಾರಿದ. ಹಿಂದೆ ಡೇರಿಯ ಹಾಲಿನ ವ್ಯಾನು ಅಂಟಿಕೊಂಡಂತೆ ನಿಂತಿತ್ತು. ಅದರ ಡ್ರೈವರ್ ಹಾರನ್ನಿನ ಮೇಲಿಟ್ಟ ಕೈ ತೆಗೆಯುವುದನ್ನೂ ಮರೆತು ಕಣ್ಣು ಬಿಟ್ಟುಕೊಂಡು ಕೂತಿದ್ದ. ರಜನೀಶ ಎರಡೂ ಕೈಯಲ್ಲಿ ಮರವನ್ನು ಹಿಂದಿನ ಟಯರಿನ ಬುಡಕ್ಕೆ ತಳ್ಳಿದ. ಟಯರು ಅದರ ಮೇಲೆ ಅರ್ಧ ಏರಿ, ಯೋಚನೆ ಮಾಡಿ, ನಿಂತಿತು. ವ್ಯಾನಿನ ಮೂತಿಗೂ ಲಾರಿಯ ಹಿಂಭಾಗಕ್ಕೂ ನಡುವೆ ಒಂದು ಹಾಲಿನ ಕ್ಯಾನು ಇಡುವಷ್ಟು ಜಾಗ ಉಳಿದಿತ್ತು.

ವ್ಯಾನಿನವನು ಬಯ್ಯಲೂ ಆಗದೆ ಹಿಂದಕ್ಕೆ ತೆಗೆದುಕೊಂಡು, ಪಕ್ಕದಿಂದ ದಾಟಿ ಹೋದ. ಚಂದ್ರಯ್ಯ ಇಳಿದು ಬಂದು ಟಯರನ್ನೂ ಮರವನ್ನೂ ನೋಡಿದ. ಅವನ ಮುಖ ಬೆಳಿಗ್ಗೆಯ ವಿಭೂತಿಯ ಬಣ್ಣಕ್ಕೆ ತಿರುಗಿತ್ತು.

"ಘಾಟೀಲಿ ಇಂಗಾಗಿದ್ರೆ" ಎಂದ.

ರಜನೀಶ ರಸ್ತೆಯ ಪಕ್ಕದ ಮೋರಿಯ ಮೇಲೆ ಕೂತು, ತಲೆ ಬಗ್ಗಿಸಿಕೊಂಡೇ, "ಭಾವ, ಪುಣೆಯೋರಲ್ಲ. ಅದು ನಾನು" ಎಂದ.

ಚಂದ್ರಯ್ಯನಿಗೆ ಅರ್ಥವಾಗಲಿಲ್ಲ. ರಜನೀಶ ಟೀ ಹೋಟೆಲಿನಿಂದ ಹಿಡಿದು ಎಲ್ಲವನ್ನೂ ಹೇಳಿದ. ನಂಬುವುದಿಲ್ಲವೆಂದು ಕಂಡಾಗ, ಕೊನೆಗೆ, ಆ ದನಿಯಲ್ಲೇ "ಚಂದ್ರಯ್ಯಜೀ, ನಿಮ್ಮ ಗಾಡಿ ಹೇಗಿದ್ದಾಳೆ" ಎಂದ.

ಹಗಲಲ್ಲೇ ದೆವ್ವ ಕಂಡವನಂತೆ ಚಂದ್ರಯ್ಯ ಒಂದು ಹೆಜ್ಜೆ ಹಿಂದೆ ಸರಿದ. ಮೈದುನನ ಬಾಯನ್ನು, ಅದರೊಳಗೆ ಇನ್ನಾರಾದರೂ ಇದ್ದಾರೆಯೇ ಎನ್ನುವ ಹಾಗೆ, ದಿಟ್ಟಿಸಿದ. ಹೊಡೆಯುತ್ತಾನೆ ಎಂದುಕೊಂಡ ರಜನೀಶ ಕೆನ್ನೆ ಗಟ್ಟಿ ಮಾಡಿಕೊಂಡ. ಚಂದ್ರಯ್ಯ ಹೊಡೆಯಲಿಲ್ಲ. ಹೋಗಿ ಮೋರಿಯ ಆ ತುದಿಗೆ ಕೂತ. ಹಾಸನದ ಕಡೆಗೆ ಎರಡು ಬಸ್ಸು ಹೋದವು.

"ಇಷ್ಟ್ ವರ್ಸದಲ್ಲಿ" ಎಂದ ಕೊನೆಗೆ, "ಗೊಬ್ಬರ ಎಂಗದೆ, ಕಾಯಿ ಎಂಗವೆ ಅಂತ ಎಲ್ಲಾರೂ ಕೇಳವ್ರೆ. ಗಾಡಿ ಎಂಗದೆ ಅಂತ ಕೇಳಿದ್ದು ಆವಯ್ಯ ಒಬ್ನೇ ಕಣ್ಲಾ."

ಚಂದ್ರಯ್ಯ ಎದ್ದು ಕ್ಯಾಬಿನ್ ಹತ್ತಿ, ಸೀಟಿನ ಹಿಂದಿನಿಂದ ಹಳೆಯ ಪಂಚೆಯಲ್ಲಿ ಸುತ್ತಿದ ಗಂಟೊಂದನ್ನು ಮಗುವಿನಂತೆ ಎತ್ತಿ ತಂದು ಮೋರಿಯ ಮೇಲಿಟ್ಟ. ಬಿಚ್ಚಿದರೆ ಹಳೆಯ ಟರ್ಬೊ. ಗುರುಸಿದ್ದಮ್ಮನ ಮೈಯಿಂದ ಬಿಚ್ಚಿದ್ದನ್ನು ಗುಜರಿಗೆ ಹಾಕಲು ಅವನಿಗೆ ಮನಸ್ಸು ಬಂದಿರಲಿಲ್ಲ.

ಪರಮೇಶನಿಗೆ ಫೋನು ಹೋಯಿತು. ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡು ಅವನು ರಜನೀಶನ ಸ್ಕೂಟರಿನಲ್ಲೇ ಬಂದ. ವಿಷಯ ಕೇಳಿ, ಬೇವಿನ ನೆರಳಲ್ಲಿ ನಿಂತು ಒಬ್ಬೊಬ್ಬರನ್ನೇ ಸರದಿಯ ಮೇಲೆ ನೋಡಿದ. ತಾನು ಪೂಜೆ ಮಾಡಿ ಕೂರಿಸಿದ್ದು ಒಂದು ನಕಲಿ ದನಿಯನ್ನು ಎಂಬುದು ಅವನಿಗೆ ಬೋಲ್ಟು ಬಿಚ್ಚುವಾಗಲೂ ಪೂರ್ತಿ ಇಳಿದಿರಲಿಲ್ಲ. ನಡುನಡುವೆ ಕೈ ನಿಲ್ಲಿಸಿ, "ಪುಣೆಯೋರು ಅಲ್ವೇ ಅಲ್ವಾ ಅಂಗಾರೆ?" ಎಂದು ಕೇಳುತ್ತಿದ್ದ.

ಹಳೆಯದು ಮತ್ತೆ ಕೂರುವ ಹೊತ್ತಿಗೆ ಬಿಸಿಲು ನೆತ್ತಿ ದಾಟಿತ್ತು. ಆಗಲೇ ಚಂದ್ರಯ್ಯನ ಫೋನು ಹೊಡೆದುಕೊಂಡಿತು. ಮಂಡಿ ಶಾಂತರಾಜು. ಮೂವರೂ ಫೋನನ್ನು ಹಾವನ್ನು ನೋಡುವಂತೆ ನೋಡಿದರು. ಲಾರಿ ಇನ್ನೂ ಶಾಂತಿಗ್ರಾಮದಲ್ಲಿದೆ ಎಂದರೆ ಬಾಡಿಗೆ ಅರಕಲಗೂಡಿನವನದು. ತಾನು ಮಾತಾಡುತ್ತೇನೆ, ತಪ್ಪೆಲ್ಲ ತನ್ನದೆಂದು ಒಪ್ಪಿಕೊಳ್ಳುತ್ತೇನೆ ಎಂದು ರಜನೀಶ ಕೈ ಚಾಚಿದ. ಚಂದ್ರಯ್ಯ ಕೊಡಲಿಲ್ಲ. ಗಂಟಲು ಸರಿಮಾಡಿಕೊಂಡ. ಸ್ಪೀಕರ್ ಒತ್ತಿದ.

"ಶಾಂತರಾಜುಜೀ," ಎಂದ, "ನಾನು ಪುಣೆಯಿಂದ ಜೋಗಳೇಕರ್ ಮಾತಾಡ್ತಾನೆ. ಚಂದ್ರಯ್ಯಜೀ ಗಾಡಿ ಕೆಳಗೆ ಮಲಗಿದ್ದಾನೆ."

ಪರಮೇಶನ ಕೈಯಿಂದ ಸ್ಪ್ಯಾನರ್ ಬಿತ್ತು. ರಜನೀಶನ ಚಾಚಿದ ಕೈ ಚಾಚಿದಲ್ಲೇ ಉಳಿಯಿತು. ಅದೇ ನಯ, ಅದೇ ಎಳೆತ. ಒಂದೇ ಒಂದು ಸಲ, ಅದೂ ಒಂದು ತಿಂಗಳ ಹಿಂದೆ, ಫೋನಿನಲ್ಲಿ ಕೇಳಿದ್ದ ದನಿ. ತನ್ನ ಗಂಟಲಿನ ಬಾಡಿಗೆದಾರ ಬೇರೆ ಮನೆಗೆ ಹೋಗಿ ಹೆಚ್ಚು ಚೆನ್ನಾಗಿ ಸಂಸಾರ ಮಾಡುತ್ತಿದ್ದಾನೆ ಎಂದು ರಜನೀಶನಿಗೆ ಅನ್ನಿಸಿತು.

ಆ ಕಡೆ ಶಾಂತರಾಜು ತಡವರಿಸಿ, ನಮಸ್ಕಾರ ಸಾರ್, ಇಲ್ಲೀತನಕ ಬಂದಿದ್ದೀರಾ ಸಾರ್ ಎಂದರು. ಜೋಗಳೇಕರ್ ವಿವರಿಸಿದ. ಈ ಗಾಡಿಗೆ ದೊಡ್ಡ ಟರ್ಬೊ ಆಗುವುದಿಲ್ಲ, ತಪ್ಪು ಪುಣೆಯದು, ಚಂದ್ರಯ್ಯಜೀಯದು ಅಲ್ಲ. ಘಾಟಿಯಲ್ಲಿ ಅವಳನ್ನು ಓಡಿಸಿದರೆ ಗೊಬ್ಬರವೂ ಇಲ್ಲ, ಗಾಡಿಯೂ ಇಲ್ಲ, ಮನುಷ್ಯನೂ ಇಲ್ಲ. ಅವಳು ಅವಳ ಹೊತ್ತಿಗೆ ಬರುತ್ತಾಳೆ. ಒಂದು ದಿನ ಹೆಚ್ಚು ಕೊಡಿ.

"ಕೊಡಣ ಸಾರ್. ನೀವೇ ಏಳಿದ್ಮೇಲೆ ಇನ್ನೇನು" ಎಂದರು ಶಾಂತರಾಜು. "ಚಂದ್ರಯ್ಯಂಗೂ ಏಳಿ ಸಾರ್, ನಿಧಾನುಕ್ ಬರ್ಲಿ. ಬಾಡಿಗೆ ಎಲ್ಲೂ ಓಗಲ್ಲ." ಒಂದು ಕ್ಷಣ ತಡೆದು, "ಸಾರ್, ನನ್ನ ಕಾರೂ ಒಸಿ ಕೆಮ್ತದೆ" ಎಂದರು.

"ಕೆಮ್ಮಲಿ" ಎಂದ ಜೋಗಳೇಕರ್, "ವಯಸ್ಸಾಗಿದ್ದಾಳೆ" ಎಂದು ಫೋನಿಟ್ಟ.

ಮೊದಲು ಪರಮೇಶ ಹೊಟ್ಟೆ ಹಿಡಿದುಕೊಂಡ. ರಜನೀಶ ನಗುವುದೋ ಅಳುವುದೋ ತಿಳಿಯದೆ ಎರಡಕ್ಕೂ ಸಲ್ಲುವ ಒಂದು ಸದ್ದು ಮಾಡಿದ. ಅವರಿಬ್ಬರ ನಗುವನ್ನು ಮುಳುಗಿಸಿ ಚಂದ್ರಯ್ಯ ನಕ್ಕ. ಮೋರಿಯ ಮೇಲೆ ಕೂತು, ತೊಡೆ ಬಡಿದುಕೊಂಡು, ಕೆಮ್ಮು ಬರುವವರೆಗೆ, ಬೇವಿನ ಮೇಲಿದ್ದ ಮೈನಾಗಳು ಹಾರಿಹೋಗುವವರೆಗೆ ನಕ್ಕ. ಕಣ್ಣಿಂದ ನೀರು ಇಳಿಯಿತು. ಒರೆಸಿಕೊಂಡು, ಮತ್ತೆ ನಕ್ಕ.

ಹೊರಡುವ ಮುಂಚೆ ಅವನು ತಂತಿ ತೆಗೆದುಕೊಂಡು ಬೂದುಗುಂಬಳವನ್ನು ಮುಂದಿನ ಬಂಪರಿಗೆ, ದೃಷ್ಟಿಗೆ ಕಟ್ಟಿದ್ದ ಹಳೆಯ ಚಪ್ಪಲಿಯ ಪಕ್ಕಕ್ಕೆ, ಬಿಗಿಯಾಗಿ ಕಟ್ಟಿದ. ರಜನೀಶ ಟಯರಿನ ಕೆಳಗಿನ ಮರ ಎಳೆದುಕೊಂಡ. ಗುರುಸಿದ್ದಮ್ಮ ಗೊಣಗುತ್ತ, ಹೊಗೆಯಾಡುತ್ತ, ಶಾಂತಿಗ್ರಾಮದ ಏರನ್ನು ಹತ್ತತೊಡಗಿದಳು. ತುದಿ ತಲುಪುವ ಹೊತ್ತಿಗೆ ಎದುರಿನಿಂದ ಒಂದು ಗಾಳಿ ಬೀಸಿತು. ಸೇವಂತಿಗೆ ಇನ್ನೂ ಅಂಟಿಕೊಂಡಿದ್ದ ಟರ್ಬೊದೊಳಗಿನ ಚಕ್ರ ಮೆಲ್ಲಗೆ ತಿರುಗಿತು.