ಕೈಗವಸು ತೆಗೆಯದ ಆರ್ಡಿತ್

೧

ಎಲ್ಲಿಂದ ಶುರು ಮಾಡಲಿ? ಚಳಿಯಿಂದ ಬೇಡ. ಮ್ಯಾನಿಟೋಬಾದ ಕಥೆಯೆಂದರೆ ಎಲ್ಲರೂ ಚಳಿಯಿಂದಲೇ ಶುರು ಮಾಡುತ್ತಾರೆ. ನಾನು ಸ್ಕೋರಿನಿಂದ ಶುರು ಮಾಡುತ್ತೇನೆ: ಒಂಬತ್ತು–ಎರಡು.

ಎಲ್ಮ್‌ರಿಜ್ ಊರಿನಲ್ಲಿ ವರ್ಷಾವರ್ಷ ನಡೆಯುವ ಅಂತಾರಾಷ್ಟ್ರೀಯ ಮಹಿಳಾ ಕರ್ಲಿಂಗ್ ಪಂದ್ಯಾವಳಿಯ ಫೈನಲ್; ಕರ್ಲಿಂಗ್ ಎಂದರೆ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಗುರಿ ಮುಟ್ಟಿಸುವ ಆಟ. ಎಂಟು ಸುತ್ತುಗಳಲ್ಲಿ ಆರು ಮುಗಿದಿವೆ. ಸೋಲುತ್ತಿರುವುದು ನಮ್ಮೂರಿನ ತಂಡ. ನಾಯಕಿ ಆರ್ಡಿತ್, ವಯಸ್ಸು ಅರವತ್ತೊಂದು. ಗೆಲ್ಲುತ್ತಿರುವುದು ಸ್ಕಾಟ್‌ಲೆಂಡಿನ ತಂಡ. ನಾಯಕಿ ಮೇವಿಸ್, ಆರ್ಡಿತ್‌ಳ ಒಡಹುಟ್ಟಿದ ತಂಗಿ, ಮದುವೆಯಾಗಿ ಆ ದೇಶಕ್ಕೆ ಹೋದವಳು.

ಇಷ್ಟು ಹಿಂದೆ ಬಿದ್ದ ಮೇಲೆ ಕೈಗವಸು ತೆಗೆದು, ಎದುರಾಳಿಯ ಕೈ ಕುಲುಕಿ, ಆಟ ಬಿಟ್ಟುಕೊಡುವುದು ಮರ್ಯಾದೆ. ಆಮೇಲೆ ಗೆದ್ದವರು ಸೋತವರನ್ನು ತಮ್ಮ ಮೇಜಿಗೆ ಕರೆದು ಕುಡಿಸಬೇಕು. ಇದು ಬರೆದಿಟ್ಟ ನಿಯಮವಲ್ಲ. (ಬರೆದಿಟ್ಟಿದ್ದರೆ ಯಾರಾದರೂ ಮುರಿಯುತ್ತಿದ್ದರು.)

ಆರ್ಡಿತ್ ಕೈಗವಸು ತೆಗೆಯುತ್ತಿಲ್ಲ.

೨

ಮೊದಲ ಡ್ರಾಫ್ಟಿನಲ್ಲಿ ಇದನ್ನು ಛಲ ಎಂದು ಬರೆದಿದ್ದೆ. ಕೊನೆಯ ಕಲ್ಲು, ಪವಾಡ, ಚಪ್ಪಾಳೆ. ಆರ್ಡಿತ್ ಓದಿ ನನ್ನ ಮುಖ ನೋಡಿದಳು.

"ಏಳು ಪಾಯಿಂಟ್ ಹಿಂದಿದೀನಿ ಮಾರಾಯ. ನಿಂಗೆ ಲೆಕ್ಕ ಬರಲ್ವಾ?"

ಹಾಗಾದರೆ ಸೋಲೊಪ್ಪಿಕೊಂಡುಬಿಡಿ, ಕಥೆಯೂ ಮುಗಿಯುತ್ತದೆ ಎಂದೆ. ಅವಳು ಮಂಜುಗಡ್ಡೆ ಗುಡಿಸುವ ಪೊರಕೆ ಎತ್ತಿಕೊಂಡು ಏಳನೇ ಸುತ್ತಿಗೆ ಹೊರಟಳು. ಒಂದು ಸುತ್ತಿಗೆ ಹದಿನಾರು ಕಲ್ಲು. ಪ್ರತಿಯೊಂದೂ ಮಂಜುಗಡ್ಡೆಯ ಆ ತುದಿಯವರೆಗೆ ಜಾರಬೇಕು, ನಾನು ಪಕ್ಕದಲ್ಲೇ ಬರೆಯುತ್ತಾ ಓಡಬೇಕು. ಊರಿಗೊಂದು ದಾರಿಯಾದರೆ ಇವಳಿಗೊಂದು ದಾರಿ.

(೩ನ್ನು ಹರಿದುಹಾಕಿದ್ದೇನೆ. ಅದರಲ್ಲಿ ಅಕ್ಕತಂಗಿಯರು ತಬ್ಬಿಕೊಂಡು ಅತ್ತಿದ್ದರು.)

೪

ಆರ್ಡಿತ್‌ಳ ತಂಡದ ಟ್ವೈಲಾ ಬಂದು ಸಿಡುಕಿದಳು. ತನ್ನ ಮೊಣಕಾಲು ಹಿಡಿದುಕೊಂಡಿದೆ, ಅಡುಗೆಮನೆಯಲ್ಲಿ ಎಲ್ಲರಿಗೂ ಮಾಡಿಟ್ಟ ಪೆರೋಗಿ ಕಡುಬು ಆರಿಹೋಗುತ್ತಿದೆ, ನೋಡಲು ಬಂದವರು ಕೋಟು ಹಾಕಿಕೊಳ್ಳುತ್ತಿದ್ದಾರೆ, ಇದೇನು ಮೊಂಡಾಟ ಎಂದು. ಸ್ಕಾಟ್‌ಲೆಂಡಿನ ಹೆಂಗಸರೂ ಗೊಣಗಿದರು. ಗೊಣಗದವಳು ಮೇವಿಸ್ ಒಬ್ಬಳೇ.

"ಆಡ್ಲಿ ಬಿಡ್ರೇ," ಎಂದಳು ಕೊನೆಗೆ. "ನಮ್ಮಕ್ಕ ಆಡೋವಷ್ಟು ಹೊತ್ತೂ ನಾನು ನಿಂತಿರ್ತೀನಿ."

ಅದನ್ನು ಕೇಳಿ ಆರ್ಡಿತ್‌ಳ ಕಲ್ಲು ಎತ್ತಲೋ ಹೋಯಿತು. ನನ್ನ ತಾಳ್ಮೆಯೂ ಹೋಯಿತು. ಸೋತ ಮೇಲೆ ತಂಗಿಯೊಂದಿಗೆ ಕೂರಬೇಕಾದ ಆ ಮೇಜೆಂದರೆ ಯಾಕಿಷ್ಟು ಹೆದರಿಕೆ ಎಂದು ಕೇಳಿಯೇಬಿಟ್ಟೆ.

"ಸಾಯೋ ಮುಂಚೆ ಅಮ್ಮ ಮೂರು ದಿನ ಮೇವಿಸ್‌ನೇ ಕೇಳ್ತಿದ್ಲು. ಹೊರಟಿದಾಳೆ, ಬರ್ತಿದಾಳೆ ಅಂತಿದ್ದೆ. ನಾನು ಫೋನೇ ಮಾಡಿರ್ಲಿಲ್ಲ."

ಲೈನು ಕೆಟ್ಟಿತ್ತು, ಹಿಮಗಾಳಿ ಬೀಸುತ್ತಿತ್ತು, ತಂಗಿಗೆ ಅಲ್ಲಿ ಮುಖ್ಯ ಪಂದ್ಯವಿತ್ತು. ಮೂರು ಕಾರಣ ಕೊಟ್ಟೆ, ಯಾವುದಾದರೂ ಒಂದನ್ನು ಇಟ್ಟುಕೊಳ್ಳಿ ಎಂದೆ. ಮೂರನ್ನೂ ಹೊಡೆದುಹಾಕಿದಳು.

"ಆ ಮೂರು ದಿನನಾದ್ರೂ ಅಮ್ಮ ನನ್ನೊಬ್ಬಳಿಗೇ ಇರ್ಲಿ ಅನ್ನಿಸ್ತು."

ಅಮ್ಮ ನಿದ್ದೆಯಲ್ಲೇ ಹೋದಳೆಂದು ಮೇವಿಸ್ ಇಂದಿಗೂ ನಂಬಿದ್ದಾಳೆ. ಐದು ವರ್ಷದಿಂದ ಪ್ರತಿ ಫೆಬ್ರವರಿ ಈ ಪಂದ್ಯಾವಳಿಗೆ ಬರುತ್ತಾಳೆ. ಈವರೆಗೆ ಇಬ್ಬರ ತಂಡಗಳೂ ಎದುರಾಗಿರಲಿಲ್ಲ, ಆರ್ಡಿತ್ ಬೇರೆ ಬೇರೆ ಮೇಜುಗಳಲ್ಲಿ ಕೂತು ತಪ್ಪಿಸಿಕೊಂಡಿದ್ದಳು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು.

೫

ಎರಡು ಅಂತ್ಯ ಬರೆದುಕೊಟ್ಟೆ. ಒಂದರಲ್ಲಿ ಕರೆಂಟು ಹೋಗಿ ಆಟ ರದ್ದು. ಇನ್ನೊಂದರಲ್ಲಿ ಇಬ್ಬರೂ ಕುಡಿದು, ನಕ್ಕು, ಹೇಳಬೇಕಾದ್ದನ್ನು ಹೇಳದೆ ಏಳುತ್ತಾರೆ. ಎರಡನೆಯದನ್ನು ಅವಳು ತುಸು ಹೆಚ್ಚು ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದಳು, ಸುಳ್ಳು ಹೇಳುವುದಿಲ್ಲ.

ಆಮೇಲೆ, ಕೊನೆಯ ಸುತ್ತಿನಲ್ಲಿ ಇನ್ನೂ ಐದು ಕಲ್ಲು ಬಾಕಿಯಿರುವಾಗ, ಕೈಗವಸು ತೆಗೆದು ತಂಗಿಯತ್ತ ನಡೆದು ಕೈ ಚಾಚಿದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

೬

ಆ ಮೇಜಿನಲ್ಲಿ ಆಡಿದವರಿಗೆ ಜಾಗ, ಬರೆದವರಿಗಿಲ್ಲ. ಟ್ವೈಲಾ ನನ್ನ ಮುಖಕ್ಕೇ ಬಾಗಿಲು ಹಾಕಿದಳು. ಬಾಗಿಲಿನ ಗಾಜಿಗೆ ಮೂಗು ಒತ್ತಿ ನೋಡಿದೆ. ಮೇವಿಸ್ ವಿಸ್ಕಿ ತಂದು ಅಕ್ಕನ ಮುಂದಿಟ್ಟಳು. ಆರ್ಡಿತ್ ಮುಟ್ಟಲಿಲ್ಲ. ಅವಳ ತುಟಿ ಅಲುಗಿತು, ತುಂಬ ಹೊತ್ತು ಅಲುಗಿತು. ಮೇವಿಸ್ ತನ್ನ ಗ್ಲಾಸು ಕೆಳಗಿಟ್ಟಳು.

ನನ್ನ ಉಸಿರಿಗೇ ಗಾಜು ಮಸುಕಾಗಿತ್ತು. ಒರೆಸಿಕೊಂಡು ನೋಡುವಷ್ಟರಲ್ಲಿ ಮೇವಿಸ್ ಎದ್ದು ನಿಂತಿದ್ದಳು. ಹೊರಟುಹೋಗಲೋ, ಮೇಜು ಸುತ್ತಿ ಅಕ್ಕನ ಪಕ್ಕಕ್ಕೆ ಬರಲೋ, ಬೇಕಿದ್ದರೆ ನೀವೇ ಒಳಗೆ ಹೋಗಿ ಕೇಳಿ. ನನ್ನನ್ನಂತೂ ಬಿಡುತ್ತಿಲ್ಲ.