ನಾಲ್ಕರ ಮುಂದಿನ ಚುಕ್ಕಿ

ನೊಣ ಬಂದು ಕೂತದ್ದು ನಾಲ್ಕರ ಬಲಕ್ಕೆ, ಚುಕ್ಕಿ ಇರಬೇಕಾದ ಜಾಗದಲ್ಲೇ, ಮತ್ತು ತಿರುಪ್ಪೂರಿನ ಇಡೀ ಬನಿಯನ್ ಉದ್ಯಮದ ಎದುರು ಈ ಮಧ್ಯಾಹ್ನ ನಿಂತಿರುವ ಪರಮ ಗಂಭೀರ ಪ್ರಶ್ನೆ ಇದೊಂದೇ ಎಂದು ಸೆಲ್ಲಪ್ಪನ್‌ಗೆ ಮನವರಿಕೆಯಾಯಿತು: ನಾಲ್ಕರ ಮುಂದೆ ಚುಕ್ಕಿ ಉಂಟೋ ಇಲ್ಲವೋ. ನೊಣ ಹಾರಿತು, ನಾಲ್ಕು ಮತ್ತೆ ಬರೀ ನಾಲ್ಕಾಯಿತು — ತಾನೇ ಹೋದ ತಿಂಗಳು ನೀಲಿ ಶಾಯಿಯಲ್ಲಿ ಬರೆದ ಬಟ್ಟೆಯ ತೂತು ಹಿಡಿಯುವ ಹೊಸ ಯಂತ್ರದ ಕ್ಯಾಮರಾ ವಿವರದ ಹಾಳೆ, ಸಾಲಿಗೆ ಸಾವಿರದ ಇಪ್ಪತ್ನಾಲ್ಕು ಬಿಂದು, ಹನ್ನೆರಡು ವೋಲ್ಟು, ಕ್ಲಾಕಿನ ವೇಗ ನಾಲ್ಕು ಮೆಗಾಹರ್ಟ್ಸ್, ಕೆಳಗೆ ಸಹಿ ಬೇರೆ, ಎಂಥಾ ಸಹಿ, ಕಲೆಕ್ಟರ್ ಕೂಡ ಅಷ್ಟು ಉದ್ದ ಹಾಕಲಾರ — ಅದನ್ನು ನಂಬಿ ಚೆನ್ನಕೇಶವನ್ ಕೋಯಮತ್ತೂರಿನ ಪೀಳಮೇಡಿನಲ್ಲಿ ಕೂತು ಡ್ರೈವರ್ ಬರೆದ, ಈ ಕಣ್ಣು ಕಂಡದ್ದನ್ನು ಓದಲು ಕಂಪ್ಯೂಟರಿಗೆ ಕಲಿಸುವ ಪ್ರೋಗ್ರಾಮು, ಕ್ಯಾಮರಾದ ಮುಖವನ್ನೇ ನೋಡದೆ, ಜಾತಕ ನೋಡಿ ಮದುವೆ ಗೊತ್ತು ಮಾಡಿದ ಹಾಗೆ, ಈಗ ಮೂರು ದಿನದಿಂದ ಇಲ್ಲೇ ಗಡ್ಡ ಬಿಟ್ಟು ಕೂತಿದ್ದಾನೆ, ಸಾರ್, ಎನ್ ಪ್ರೋಗ್ರಾಮ್‌ಲ ತಪ್ಪಿಲ್ಲೆ ಸಾರ್, ಹೌದಪ್ಪ ಇಲ್ಲ, ನನಗೆ ಬೆಳಿಗ್ಗೆಯಿಂದ ಗೊತ್ತು, ನಿನಗೆ ಹೇಳಲಿಲ್ಲ ಅಷ್ಟೆ. ಪರದೆಯ ಮೇಲೆ ಬಟ್ಟೆ ಓಡುತ್ತದೆ, ನೆಟ್ಟಗಿರಬೇಕಾದ ಹೆಣಿಗೆಯ ಗೆರೆ ಓರೆಯಾಗಿ ಜಾರುತ್ತದೆ, ಒಂದು ತೂತೂ ಇಲ್ಲದ ಬಟ್ಟೆಗೆ ಯಂತ್ರ ಕೆಂಪು ದೀಪ ಹಚ್ಚಿ ಕೂಗುತ್ತದೆ. ಕಾರ್ಖಾನೆಯ ಒಡೆಯ ಮುದಲಾಳಿ ಮೈಲ್‌ಸಾಮಿ ಬಾಗಿಲಲ್ಲಿ ತಲೆ ಹಾಕುತ್ತಾರೆ, ಎನ್ನಪ್ಪಾ, ಮೂಣು ಮಣಿಕ್ಕು ಓಡುಮಾ ಓಡಾದಾ, ಮೂರಕ್ಕೆ ಓಡದಿದ್ದರೆ ಇವತ್ತೇ ಪೆಟ್ಟಿಯನ್ನು ಕೋಯಮತ್ತೂರಿಗೆ ಏರಿಸು, ಆ ಇಂಜಿನಿಯರನ್ನೂ ಅದರೊಳಗೇ ಇಟ್ಟು ಮೊಳೆ ಹೊಡಿ. ಮೂರಕ್ಕೆ ಇನ್ನು ನಲವತ್ತು ನಿಮಿಷ.

ನಲವತ್ತು. ನಲವತ್ತನೇ ಕೌಂಟಿನ ನೂಲು, ಕೌಂಟೆಂದರೆ ನೂಲಿನ ಸಣ್ಣತನದ ಅಳತೆ, ತೂಗಿ ನೋಡಿದರೆ ಮೂವತ್ತೆಂಟೂವರೆ, ಈ ಊರಲ್ಲಿ ಎಲ್ಲರಿಗೂ ಗೊತ್ತು, ಆದರೂ ನಲವತ್ತೆಂದೇ ಕೂಗುವುದು, ನಲವತ್ತೆಂದೇ ಬರೆಯುವುದು, ಮೂವತ್ತೆಂಟೂವರೆ ಎಂದು ಬರೆದವನಿಗೆ ತಲೆ ನೆಟ್ಟಗಿಲ್ಲ ಎನ್ನುತ್ತಾರೆ — ಅಪ್ಪ ಮಗ್ಗದ ಗುಂಡಿಯಲ್ಲಿ ಕೂತು ಹಾಗೆಯೇ ಅಂದ, ತಾತನೂ ಅಂದಿರಬೇಕು, ಆ ಮನೆಯ ಕೈ ಇದು, ಕ್ಯಾಮರಾದೊಳಗೆ ಕ್ಲಾಕಿನ ವೇಗ ಕೊಡುವ ಕ್ರಿಸ್ಟಲಿನ ಕಾಲು ಮುರಿದಾಗ ಬೇರೆಯದು ತರಲು ಕೋಯಮತ್ತೂರಿನ ಗಾಂಧಿಪುರಕ್ಕೆ ಬಸ್ಸು ಹತ್ತಿ, ಸಿಕ್ಕಿದ್ದು ಕಲರ್ ಟೀವಿಯದು, ಬೆನ್ನ ಮೇಲೆ ನಾಲ್ಕು ಪಾಯಿಂಟ್ ನಾಲ್ಕು ಮೂರು ಎಂದು ಅಚ್ಚು, ಬೆಸುಗೆ ಹಾಕಿ, ಹಾಳೆಯಲ್ಲಿ ನಾಲ್ಕು ಎಂದು ದುಂಡಗೆ ಬರೆಯಿತು. ನೂಲಾಗಿದ್ದರೆ ನಡೆಯುತ್ತಿತ್ತು. ಮರೆತೇ ಬಿಟ್ಟಿದ್ದ, ಬೆಳಿಗ್ಗೆ ಟೀ ಹೊತ್ತಿಗೆ ಅಕ್ಕ ಬಂದು ಪರದೆಯ ಮುಂದೆ ನಿಲ್ಲುವವರೆಗೆ. ಪಂಕಜಂ, ಗಾಜಿನ ಮೇಜಿನ ಕೆಳಗೆ ಟ್ಯೂಬ್‌ಲೈಟ್ ಹಾಕಿಕೊಂಡು ಬಟ್ಟೆಯ ತೂತು ಹುಡುಕುವ ಆರು ಹೆಂಗಸರಲ್ಲಿ ಒಬ್ಬಳು, ಹನ್ನೊಂದು ವರ್ಷ, ಆ ಮೇಜಿನ ಕೂಲಿಯಲ್ಲೇ ತಮ್ಮ ಸೆಲ್ಲಪ್ಪನ್ ಡಿಪ್ಲೊಮಾ ಮುಗಿಸಿದ್ದು. ಏನ್ಡಾ ಸೆಲ್ಲಾ, ನಿನ್ ಮಿಷಿನ್ಗೆ ಮೆಳ್ಳೆಗಣ್ಣಾ? ಸುಮ್ನಿರಕ್ಕಾ. ವಾರೆ ಇರೋದು ಬಟ್ಟೇಲಲ್ಲ ಕಣೋ, ನಿನ್ ಪೆಟ್ಟೀಲಿ, ನೋಡು, ಹತ್ತಕ್ಕೊಂದು ಜಾರ್ತದೆ, ಎಣಿಸ್ಕೋ. ಎಣಿಸಿದ. ಹತ್ತಕ್ಕೊಂದು. ನಾಲ್ಕಕ್ಕೂ ನಾಲ್ಕು ಪಾಯಿಂಟ್ ನಾಲ್ಕು ಮೂರಕ್ಕೂ ಇರುವ ಅಂತರ ಹತ್ತಕ್ಕೊಂದು, ಅವಳು ಹೋದ ಮೇಲೆ ಮುಚ್ಚಳದ ಸ್ಕ್ರೂ ಬಿಚ್ಚಿದಾಗ ಅಚ್ಚು ಅಲ್ಲೇ ಇತ್ತು — ಹೋಗುವಾಗ ಅವಳು ಅಂದದ್ದು, ಸರಿಯಾದ್ರೆ ಹೇಳೋ, ನನ್ ಕೆಲ್ಸ ಹೋದ್ರೆ ನಿನ್ ಮಿಷಿನ್ಗೇ ಸೀರೆ ಉಡ್ಸಿ ಮನೆಗ್ ಕರ್ಕೊಂಬಾ, ಅಡ್ಗೆ ಮಾಡ್ಲಿ — ನಕ್ಕಳು, ಉಳಿದ ಐವರೂ ನಕ್ಕರು, ಅವನು ನಗಲಿಲ್ಲವೋ ನಕ್ಕನೋ, ನೆನಪಿಲ್ಲ, ನಿದ್ದೆ ಕಣ್ಣಿನ ಹಿಂದೆ ಮರಳಿನ ಹಾಗೆ ಕೂತಿದೆ. ಸುಮ್ಮನಿದ್ದರೆ ಸಾಕು. ಪೆಟ್ಟಿ ಹೋಗುತ್ತದೆ, ಅಕ್ಕನ ಮೇಜು ಉಳಿಯುತ್ತದೆ, ಚೆನ್ನಕೇಶವನ್ ಮಾಡದ ತಪ್ಪಿಗೆ ಬೈಸಿಕೊಂಡು ಪೀಳಮೇಡಿನಲ್ಲಿ ಬೇರೆ ಏನೋ ಬರೆದುಕೊಂಡಿರುತ್ತಾನೆ, ಅಥವಾ ಇರುವುದಿಲ್ಲ, ಅವನಿಗೂ ಒಬ್ಬ ಅಕ್ಕ ಇರಬಹುದು, ಕೇಳಿಲ್ಲ. ಆದರೆ ಆ ಗೆರೆ. ಓರೆ. ಕಣ್ಣು ಮುಚ್ಚಿದರೂ ಓರೆ, ಊಟದ ಎಲೆಯ ನಡುನರವೂ ಓರೆ, ಬಸ್ಸಿನ ಕಿಟಕಿಯ ಸರಳೂ ಓರೆ, ಮೂರು ದಿನದಿಂದ ಕತ್ತು ಒಂದು ಕಡೆಗೆ ವಾಲಿಸಿಯೇ ಲೋಕ ನೋಡುತ್ತಿದ್ದಾನೆ, ಮತ್ತು ಕೈ, ಯಾರನ್ನೂ ಕೇಳದೆ, ಹಾಳೆಯ ಮೇಲೆ ಚುಕ್ಕಿ ಇಟ್ಟು ನಾಲ್ಕು ಮೂರು ಬರೆದು ಚೆನ್ನಕೇಶವನ್ ಕಡೆ ತಳ್ಳಿದೆ. ಅವನು ಓದಿದ, ಇವನ ಮುಖ ನೋಡಿದ, ಟೈಪ್ ಮಾಡಿದ. ಗೆರೆ ನಡುಗಿತು. ನಿಂತಿತು. ನೆಟ್ಟಗೆ, ಮೇಲಿನಿಂದ ಕೆಳಗೆ, ಗೆರೆ, ನೆಟ್ಟಗೆ, ಗೆರೆ.

ಸೋಮವಾರದಿಂದ ಆರು ಹೆಂಗಸರಲ್ಲಿ ಐವರಿಗೆ ಬರಬೇಡಿ ಎಂದರು, ಪಂಕಜಂ ಆ ಐವರಲ್ಲಿ ಒಬ್ಬಳು.